ಬಾಲ್ ಪೈಥಾನ್ ಹೆಸರನ್ನು ಬಿಡಿಸಿ ಓದುವುದು ಹೇಗೆ

ಬಾಲ್ ಪೈಥಾನ್ ಅಂದರೆ ಮನೆಯಲ್ಲಿ ಸಾಕುವ ಒಂದು ಜಾತಿಯ ಹೆಬ್ಬಾವು. ಅದನ್ನು ಬೆಳೆಸಿ ಮಾರುವ ಅಮೆರಿಕದ ಬ್ರೀಡರ್‌ಗಳ ಪಟ್ಟಿಯಲ್ಲಿ 'ಪಾಸ್ಟೆಲ್ ಮೊಜಾವೆ 66% ಹೆಟ್ ಕ್ಲೌನ್' ಅಂತ ಬರೆದಿರುತ್ತದೆ. ಅದನ್ನು ಹೆಸರು ಅಂದುಕೊಂಡರೆ ತಲೆ ಕೆಡುತ್ತದೆ, ಜೀನ್‌ಗಳ ಪಟ್ಟಿ ಅಂದುಕೊಳ್ಳಿ. ಮೊದಲು 'ಹೆಟ್' ಎಲ್ಲಿದೆ ಅಂತ ಹುಡುಕಿ. ಶೇಕಡಾ ಅಂಕಿ ಬಿಟ್ಟು ಅದಕ್ಕಿಂತ ಮೊದಲು ಬರೆದದ್ದೆಲ್ಲ ಮೈಮೇಲೆ ಕಾಣುವ ಗುಣ. ಆಮೇಲೆ ಬರೆದದ್ದು ಮೈಮೇಲೆ ಕಾಣದೆ ಒಳಗೆ ಇರುವ, ಅಥವಾ ಇರಬಹುದಾದ ಗುಣ.

ಈ ಹಾವು ಮೂಲತಃ ಘಾನಾ, ಟೋಗೊ, ಬೆನಿನ್ ಕಡೆಯದು. ಅಲ್ಲಿ ಸಿಗುವ ಮಾಮೂಲಿ ಕಪ್ಪು-ಕಂದು ಹಾವು 'ನಾರ್ಮಲ್'. ಬಣ್ಣವೋ ಚಿತ್ತಾರವೋ ಬೇರೆಯಾಗಿ, ಅದು ಮರಿಗಳಿಗೂ ಇಳಿದುಬಂದರೆ 'ಮಾರ್ಫ್'.

ಪ್ರತಿ ಜೀನ್‌ಗೂ ಎರಡು ಪ್ರತಿ, ತಾಯಿಯಿಂದ ಒಂದು, ತಂದೆಯಿಂದ ಒಂದು. ಕ್ಲೌನ್, ಪೈಬಾಲ್ಡ್, ಆಲ್ಬಿನೊ ಇವೆಲ್ಲ ರಿಸೆಸಿವ್, ಅಂದರೆ ಎರಡೂ ಪ್ರತಿ ಸೇರಿದರೆ ಮಾತ್ರ ಕಾಣುತ್ತವೆ. ಒಂದೇ ಪ್ರತಿ ಇದ್ದರೆ ಅದು ಹೆಟ್. ಪಾಸ್ಟೆಲ್, ಮೊಜಾವೆ ಹಾಗಲ್ಲ, ಒಂದು ಪ್ರತಿ ಸಾಕು. ಎರಡು ಸಿಕ್ಕರೆ 'ಸೂಪರ್'. ಸೂಪರ್ ಪಾಸ್ಟೆಲ್ ಅಂದರೆ ಇನ್ನೂ ಜಾಸ್ತಿ ಹಳದಿ, ಆದರೆ ಸೂಪರ್ ಮೊಜಾವೆ ನೋಡಿದರೆ ಮೊಜಾವೆಯ ಗುರುತೇ ಇರುವುದಿಲ್ಲ, ಬಿಳಿ ಮೈ, ನೀಲಿ ಕಣ್ಣು! ಇಂಥ ಜೀನ್‌ಗಳನ್ನು ಹಾವು ಸಾಕುವವರು 'ಕೋ-ಡಾಮ್' (ಕೋ-ಡಾಮಿನೆಂಟ್) ಅನ್ನುತ್ತಾರೆ, ಪಾಠದ ಪ್ರಕಾರ ಅದು ಇನ್‌ಕಂಪ್ಲೀಟ್ ಡಾಮಿನೆಂಟ್. ಪಿನ್‌ಸ್ಟ್ರೈಪ್ ಡಾಮಿನೆಂಟ್, ಒಂದು ಪ್ರತಿ ಇರಲಿ ಎರಡಿರಲಿ ನೋಡೋಕೆ ಒಂದೇ ಥರ.

ಈಗ ಆ 66%. ಜೀನ್ ಮೂರರಲ್ಲಿ ಎರಡು ಪಾಲು ಇದೆ ಅಂತ ಅಲ್ಲ. ಹೆಟ್ ಕ್ಲೌನ್ ಗಂಡು, ಹೆಟ್ ಕ್ಲೌನ್ ಹೆಣ್ಣು ಕೂಡಿದರೆ ಲೆಕ್ಕದ ಪ್ರಕಾರ ನಾಲ್ಕರಲ್ಲಿ ಒಂದು ಮರಿ ಕ್ಲೌನ್, ಎರಡು ಹೆಟ್, ಒಂದರಲ್ಲಿ ಏನೂ ಇಲ್ಲ. ಕ್ಲೌನ್ ಎತ್ತಿಟ್ಟರೆ ಉಳಿದ ಮೂರೂ ಒಂದೇ ಥರ ಕಾಣುತ್ತವೆ. ಅವುಗಳಲ್ಲಿ ಎರಡು ಹೆಟ್, ಯಾವ ಎರಡು ಅಂತ ಹೇಳೋಕಾಗಲ್ಲ. ಹಾಗಾಗಿ ಮೂರಕ್ಕೂ 66% ಅಂತ ಬರೆಯುತ್ತಾರೆ. ಹೆಟ್‌ಗೆ ನಾರ್ಮಲ್ ಕೂಡಿಸಿದರೆ ಮರಿಗಳು 50% ಹೆಟ್, ಕ್ಲೌನ್‌ಗೆ ನಾರ್ಮಲ್ ಕೂಡಿಸಿದರೆ 100%. ಈ ಶೇಕಡಾ ಬರೀ ಸಾಧ್ಯತೆ, ಒಂದೊಂದು ಹಾವಿನಲ್ಲಿ ಜೀನ್ ಒಂದೋ ಇದೆ, ಇಲ್ಲವೋ ಇಲ್ಲ. ಖಚಿತ ಮಾಡಿಕೊಳ್ಳಬೇಕಾ? ಕ್ಲೌನ್ ಜೊತೆ ಕೂಡಿಸಿ. ಒಂದೇ ಒಂದು ಕ್ಲೌನ್ ಮರಿ ಬಂದರೂ ಹೆಟ್ ಅಂತ ಸಾಬೀತು. ನಿಜವಾದ ಹೆಟ್ ಆಗಿದ್ದೂ ಆರು ಮೊಟ್ಟೆಯಲ್ಲಿ ಒಂದೂ ಕ್ಲೌನ್ ಬಾರದೆ ಇರುವ ಸಾಧ್ಯತೆ 64ರಲ್ಲಿ ಒಂದು ಅಷ್ಟೇ. ಅಷ್ಟು ಕಾಯುವ ತಾಳ್ಮೆ ಇಲ್ಲದವರಿಗೆ, ಕಳಚಿದ ಪೊರೆಯಿಂದಲೇ ಡಿಎನ್ಎ ಪರೀಕ್ಷೆ ಮಾಡಿಕೊಡುವ ಲ್ಯಾಬ್‌ಗಳು ಅಮೆರಿಕದಲ್ಲಿ ಇವೆ, ಎಲ್ಲ ಜೀನ್‌ಗೂ ಅಲ್ಲ.

ಮೊಜಾವೆ ಮತ್ತು ಲೆಸ್ಸರ್ ಅನ್ನುವ ಇನ್ನೊಂದು ಮಾರ್ಫ್ ಒಂದೇ ಜೀನ್‌ನ ಬೇರೆ ಬೇರೆ ರೂಪ, ಒಂದೇ ಜಾಗದಲ್ಲಿ ಕೂರುತ್ತವೆ. ಎರಡೂ ಇರುವ ಹಾವು ಕೂಡ ಬಿಳಿ, ಅದರ ಪ್ರತಿ ಮರಿಗೂ ಎರಡರಲ್ಲಿ ಒಂದು ಸಿಕ್ಕೇ ಸಿಗುತ್ತದೆ.

ಅಡ್ಡಹೆಸರುಗಳ ಕಾಟ ಬೇರೆ. ಬಂಬಲ್‌ಬೀ ಅಂದರೆ ಪಾಸ್ಟೆಲ್ ಮತ್ತು ಸ್ಪೈಡರ್, ಪ್ಯೂಟರ್ ಅಂದರೆ ಪಾಸ್ಟೆಲ್ ಮತ್ತು ಸಿನ್ನಮನ್. ಬನಾನಾ, ಕೋರಲ್ ಗ್ಲೋ ಎರಡೂ ಒಂದೇ. ಕಾರ್ನ್ ಸ್ನೇಕ್ ಅನ್ನುವ ಬೇರೆ ಜಾತಿ ಹಾವಿನ ಬಟರ್‌ಗೂ ಬಾಲ್ ಪೈಥಾನ್‌ನ ಬಟರ್‌ಗೂ ಸಂಬಂಧವೇ ಇಲ್ಲ. ಆಕ್ಸಾಂಥಿಕ್ (ಹಳದಿ ಬಣ್ಣ ಇಲ್ಲದ್ದು) ಅಂತ ಬರೆದಿದ್ದರೆ ಯಾವ ಲೈನ್, ಅಂದರೆ ಯಾವ ಬ್ರೀಡರ್ ವಂಶದ್ದು ಅಂತ ಕೇಳಲೇಬೇಕು. ವಿಪಿಐ ಲೈನ್‌ಗೆ ಟಿಎಸ್‌ಕೆ ಲೈನ್ ಕೂಡಿಸಿದರೆ ಹುಟ್ಟುವುದು ಸುಮ್ನೆ ನಾರ್ಮಲ್ ಥರದ ಮರಿಗಳು.

ಸ್ಪೈಡರ್ ಜೀನ್ ಜೊತೆ ತಲೆ ಅಲುಗಾಟ, ಸಮತೋಲನ ತಪ್ಪುವುದು ಕೂಡ ಬರುತ್ತದೆ, ಹಾವಿಂದ ಹಾವಿಗೆ ಹೆಚ್ಚು ಕಡಿಮೆ. ಬಂಬಲ್‌ಬೀ ಅನ್ನುವ ಮುದ್ದಾದ ಹೆಸರಲ್ಲಿ ಅದು ಮುಚ್ಚಿಹೋಗುತ್ತದೆ. ನನ್ನನ್ನು ಕೇಳಿದರೆ ಅದನ್ನು ಬೆಳೆಸದಿರುವುದೇ ಸರಿ.

ಅಂದಹಾಗೆ, ನಮ್ಮೂರ ಹೆಬ್ಬಾವಿಗೆ ಇದನ್ನೆಲ್ಲ ಹೊಂದಿಸಬೇಡಿ, ಅದನ್ನು ಮನೆಯಲ್ಲಿ ಸಾಕುವುದೇ ಅಪರಾಧ. ಬಾಲ್ ಪೈಥಾನ್ ಇಟ್ಟುಕೊಂಡವರು 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

ಈಗ 'ಕಿಲ್ಲರ್ ಬೀ 50% ಹೆಟ್ ಪೈಡ್' ಓದಿ ನೋಡಿ. ಕಿಲ್ಲರ್ ಬೀ ಅಂದರೆ ಸೂಪರ್ ಪಾಸ್ಟೆಲ್ ಮತ್ತು ಸ್ಪೈಡರ್, ಪೈಡ್ ಅಂದರೆ ಪೈಬಾಲ್ಡ್. ಸೂಪರ್ ಪಾಸ್ಟೆಲ್, ಹಾಗಾಗಿ ಎಲ್ಲ ಮರಿಗೂ ಪಾಸ್ಟೆಲ್ ಹೋಗುತ್ತದೆ. ಸ್ಪೈಡರ್ ಒಂದು ಪ್ರತಿ, ಸುಮಾರು ಅರ್ಧ ಮರಿಗಳಿಗೆ. ಪೈಬಾಲ್ಡ್ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು, ಅದಕ್ಕೆ ಹೆಚ್ಚು ದುಡ್ಡು ಕೇಳಿದರೆ ಅಪ್ಪ-ಅಮ್ಮನಲ್ಲಿ ಒಂದು ಹೆಟ್ ಅನ್ನೋದಕ್ಕೆ ಸಾಕ್ಷಿ ತೋರಿಸಿ ಅನ್ನಿ.