ಮಳೆಗಾಲದಲ್ಲಿ ಕೋಳಿಗೂಡಿನ ಘಾಟು ಹೋಗಿದ್ದು ಹೀಗೆ

ಶಿವಮೊಗ್ಗದಲ್ಲಿ ಮನೆ ಹಿತ್ತಿಲಲ್ಲಿ ಐದಾರು ಗಿರಿರಾಜ ಕೋಳಿ ಸಾಕೋದು ಕಷ್ಟವಲ್ಲ. ಜುಲೈ ಮಳೆಯಲ್ಲಿ ಗೂಡಿನ ವಾಸನೆ ಪಕ್ಕದ ಮನೆಗೆ ಹೋಗದ ಹಾಗೆ ನೋಡಿಕೊಳ್ಳೋದೇ ಕಷ್ಟ. ಕಣ್ಣುರಿಸುವ ಆ ಘಾಟು ಅಮೋನಿಯಾದ್ದು. ಹಿಕ್ಕೆ ಒದ್ದೆಯಾದಾಗ ಅದು ಏಳುತ್ತದೆ. ಫಿನಾಯಿಲ್ ಸುರಿದು ಪ್ರಯೋಜನವಿಲ್ಲ, ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು.

ನಮ್ಮ ಗೂಡಿಗೆ ಎರಡು ಕಡೆಯಿಂದ ಬರುತ್ತಿತ್ತು. ಒಂದು, ಪಡುವಣದ ಇರಚಲು. ಆ ಕಡೆ ಶೀಟನ್ನು 3 ಅಡಿ ಮುಂದಕ್ಕೆ ಚಾಚಿ, ಕೆಳಗೆ ಅಡಿಕೆ ದಬ್ಬೆ ಹೊಡೆದದ್ದಾಯಿತು. ಟಾರ್ಪಾಲಿನಿಂದ ಪೂರ್ತಿ ಮುಚ್ಚುವುದು ಬೇಡ, ಗಾಳಿಯಾಡದೆ ಘಾಟು ಇನ್ನೂ ಹೆಚ್ಚುತ್ತದೆ. ಮೇಲ್ಗಡೆ 1 ಅಡಿ ಜಾಲರಿ ತೆರೆದೇ ಇರಲಿ. ಇನ್ನೊಂದು, ಕುಡಿಯುವ ನೀರಿನ ಡಬ್ಬಿ. ನೆಲದ ಮೇಲಿಟ್ಟರೆ ಕೆದರಿ ಚೆಲ್ಲುತ್ತವೆ. ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಬರುವಷ್ಟು ಇಟ್ಟಿಗೆ ಕೊಟ್ಟರೆ ಸಾಕು.

ಆಮೇಲೆ ಹಳೇ ಹಾಸು ತೆಗೆದು, ಒಣಗಿದ ಭತ್ತದ ಹೊಟ್ಟು 4 ಇಂಚು. ವಾರಕ್ಕೆರಡು ಸಲ ಕೆದಕಿ ಮಗುಚಬೇಕು. ಒಂದು ಹಿಡಿ ತೆಗೆದು ಹಿಂಡಿ ನೋಡಿ: ಉಂಡೆಯಾಗಿಯೇ ನಿಂತರೆ ಒದ್ದೆ ಜಾಸ್ತಿ, ಕೈ ಬಿಚ್ಚಿದಾಗ ಉದುರಿದರೆ ಸರಿ. ಗಟ್ಟಿಯಾದ ಜಾಗವನ್ನಷ್ಟೇ ಎತ್ತಿ ಹೊಸ ಹೊಟ್ಟು ತುಂಬಿಸಿ. ಸುಣ್ಣದ ಪುಡಿ ಎರಚಿ ಅಂತ ಹೇಳುವವರು ಬಹಳ. ಒದ್ದೆ ಹಿಕ್ಕೆಗೆ ಸುಣ್ಣ ಬಿದ್ದರೆ ಅಮೋನಿಯಾ ಮತ್ತಷ್ಟು ಏಳುತ್ತದೆ, ಹಾಗಾಗಿ ಖಾಲಿ ನೆಲಕ್ಕೆ ಮಾತ್ರ.

ಒದ್ದೆ ಹಾಸಿನಲ್ಲೇ ಕಾಕ್ಸಿಡಿಯೋಸಿಸ್ ಅನ್ನೋ ಕರುಳಿನ ರೋಗ ಹರಡೋದು. ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ಅವತ್ತೇ ಪಶುವೈದ್ಯರಿಗೆ ತೋರಿಸಿ. ಸಾಮಾನ್ಯವಾಗಿ ನೀರಿಗೆ ಬೆರೆಸುವ ಆಂಪ್ರೋಲಿಯಂ ಪುಡಿ ಬರೆದುಕೊಡುತ್ತಾರೆ.