ಸೀಸನ್ ಹೊತ್ತಿಗೆ ಬೆಂಗಳೂರಿನಲ್ಲಿ ಕೊಠಡಿ: ಬಾಡಿಗೆಗಿಂತ ಮೊದಲು ಗಂಟೆ ಎಣಿಸಿ

ಮೈಸೂರಿಗೆ ದಸರಾ, ಧರ್ಮಸ್ಥಳಕ್ಕೆ ಲಕ್ಷದೀಪೋತ್ಸವ ಎನ್ನುವಂತೆ ಬೆಂಗಳೂರಿನ ಹೋಟೆಲುಗಳಿಗೆ ಇಂಥದ್ದೇ ಸೀಸನ್ ಎಂದು ಬೊಟ್ಟು ಮಾಡಿ ಹೇಳಲಾಗದು. ಕಾರ್ತಿಕ ಮಾಸದ ಮದುವೆಗಳು, ನವೆಂಬರಿನ ಟೆಕ್ ಸಮ್ಮಿಟ್, ಡಿಸೆಂಬರಿನ ಕೊನೆಯ ವಾರ, ಬೆಸ ಸಂಖ್ಯೆಯ ವರ್ಷಗಳ ಫೆಬ್ರುವರಿಯಲ್ಲಿ ಯಲಹಂಕದ ವಾಯುನೆಲೆಯಲ್ಲಿ ನಡೆಯುವ ಏರೋ ಇಂಡಿಯಾ, ಏಪ್ರಿಲ್ ಮತ್ತು ಮೇ ತಿಂಗಳ ಪ್ರವೇಶ ಪರೀಕ್ಷೆಗಳು, ಇವುಗಳಲ್ಲಿ ಪ್ರತಿಯೊಂದೂ ನಗರದ ಒಂದು ಭಾಗದ ಬಾಡಿಗೆಯನ್ನು ಏರಿಸಿ ಇನ್ನೊಂದು ಭಾಗವನ್ನು ಬಹುಮಟ್ಟಿಗೆ ಹಾಗೆಯೇ ಬಿಟ್ಟಿರುತ್ತದೆ. ಆದ್ದರಿಂದ ಮೊಬೈಲಿನಲ್ಲಿ ‘ಬೆಂಗಳೂರು’ ಎಂದಷ್ಟೇ ಹಾಕಿ, ಮೇಲೆ ಬಂದ ನಾಲ್ಕು ಹೋಟೆಲುಗಳ ದರ ನೋಡಿ ಕೈಚೆಲ್ಲುವ ಅಗತ್ಯವಿಲ್ಲ. ಸ್ವಲ್ಪ ಕ್ರಮವಾಗಿ ಹುಡುಕಿದರೆ ಇಂಥ ದಿನಗಳಲ್ಲೂ ಕೈಗೆಟಕುವ ಕೊಠಡಿ ಸಿಗುತ್ತದೆ.

ಮೊದಲು ದಿನ ನೋಡಿ

ದಿನಾಂಕವನ್ನು ಒಂದೆರಡು ದಿನ ಅತ್ತಿತ್ತ ಮಾಡುವ ಅವಕಾಶ ನಿಮಗಿದ್ದರೆ ಅರ್ಧ ಕೆಲಸ ಮುಗಿದಂತೆಯೇ. ಪ್ರವಾಸಿ ಊರುಗಳಲ್ಲಿ ಶನಿವಾರ, ಭಾನುವಾರ ಬಾಡಿಗೆ ಏರುತ್ತದೆ. ವೈಟ್‌ಫೀಲ್ಡ್, ಮಾರತ್‌ಹಳ್ಳಿ, ಎಲೆಕ್ಟ್ರಾನಿಕ್ ಸಿಟಿಯಂಥ ಕಡೆ ಲೆಕ್ಕ ತಿರುಗುಮುರುಗು. ಅಲ್ಲಿನ ಹೋಟೆಲುಗಳು ಕಂಪನಿ ಕೆಲಸಕ್ಕೆ ಬರುವವರನ್ನು ನೆಚ್ಚಿಕೊಂಡಿರುವುದರಿಂದ ಮಂಗಳವಾರ, ಬುಧವಾರ ತುಂಬಿರುತ್ತವೆ, ಶುಕ್ರವಾರ ಸಂಜೆ ಅವರು ಚೀಲ ಹೆಗಲಿಗೇರಿಸಿ ಹೊರಟ ಮೇಲೆ ಕೊಠಡಿಗಳು ಖಾಲಿ ಬೀಳುತ್ತವೆ. ವಾರಾಂತ್ಯಕ್ಕೆ ಬರುವ ಕುಟುಂಬಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ. ಇನ್ನು ಪಂಚಾಂಗವನ್ನೂ ಒಮ್ಮೆ ತಿರುವಿ ಹಾಕುವುದು ಒಳ್ಳೆಯದು. ದೊಡ್ಡ ಮುಹೂರ್ತವಿರುವ ದಿನ ಕಲ್ಯಾಣ ಮಂಟಪಗಳ ಆಸುಪಾಸಿನ ಲಾಡ್ಜುಗಳನ್ನು ಬೀಗರ ಕಡೆಯವರು ಒಟ್ಟಿಗೇ ಹಿಡಿದಿಟ್ಟಿರುತ್ತಾರೆ. ಮದುವೆಗಳಿಲ್ಲದ ಆಷಾಢದಲ್ಲಿ ಅದೇ ಲಾಡ್ಜಿನಲ್ಲಿ ಚೌಕಾಸಿಗೂ ಜಾಗವಿರುತ್ತದೆ.

ಹತ್ತಿರವಲ್ಲ, ಮೆಟ್ರೊ ಮಾರ್ಗ ಮುಖ್ಯ

ಕಾರ್ಯಕ್ರಮ ನಡೆಯುವ ಜಾಗದ ಪಕ್ಕದಲ್ಲೇ ಕೊಠಡಿ ಬೇಕೆನ್ನುವುದು ಸಹಜ, ಆದರೆ ಸೀಸನ್ನಿನಲ್ಲಿ ಅತಿ ದುಬಾರಿಯಾಗುವುದು ಅದೇ ಪಕ್ಕದ ಕೊಠಡಿ. ಬದಲಿಗೆ ಆ ಜಾಗಕ್ಕೆ ಯಾವ ಮೆಟ್ರೊ ಮಾರ್ಗ ಹೋಗುತ್ತದೆ ಎಂದು ನೋಡಿ, ಅದೇ ಮಾರ್ಗದ ಬೇರೆ ನಿಲ್ದಾಣದ ಬಳಿ ಹುಡುಕಬೇಕು. ತುಮಕೂರು ರಸ್ತೆಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ ಕೆಲಸವಿರುವವರು ಹಸಿರು ಮಾರ್ಗದ ಮಾದಾವರ ನಿಲ್ದಾಣದಲ್ಲಿ ಇಳಿಯಬಹುದಾದ್ದರಿಂದ ಯಶವಂತಪುರದಲ್ಲಿ ಅಥವಾ ಮೆಜೆಸ್ಟಿಕ್‌ನಲ್ಲಿ ಉಳಿದರೂ ನಡೆಯುತ್ತದೆ. ವೈಟ್‌ಫೀಲ್ಡ್‌ಗೆ ಹೋಗುವವರಿಗೆ ನೇರಳೆ ಮಾರ್ಗವಿದೆ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಆರಂಭವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಯ ಸಂದರ್ಶನಕ್ಕೆ ಬರುವ ಹುಡುಗರು ಜಯನಗರದ ಕಡೆ ತಂಗುವುದೂ ಸಾಧ್ಯವಾಗಿದೆ. ಅರಮನೆ ಮೈದಾನದ ಬಾಗಿಲಿಗೆ ಮಾತ್ರ ಸದ್ಯಕ್ಕೆ ಮೆಟ್ರೊ ಇಲ್ಲ. ಅಲ್ಲಿನ ಮದುವೆಗೆ ಬರುವವರು ಆಟೊ ಖರ್ಚನ್ನು ಬಾಡಿಗೆಗೆ ಸೇರಿಸಿಯೇ ಎಣಿಸಬೇಕು.

ಪರೀಕ್ಷೆಗೆ ಬರುವವರಿಗೆ ಒಂದು ಎಚ್ಚರಿಕೆ. ಭಾನುವಾರ ಮೆಟ್ರೊ ಸಾಮಾನ್ಯವಾಗಿ ಬೆಳಿಗ್ಗೆ 7 ಗಂಟೆಗೆ ಶುರುವಾಗುತ್ತದೆ, ಬೇರೆ ದಿನಗಳಂತೆ 5 ಗಂಟೆಗಲ್ಲ. ಹಾಗೆಯೇ ನೀವು ಬರುವ ರೈಲು ಮೆಜೆಸ್ಟಿಕ್‌ನ ನಿಲ್ದಾಣಕ್ಕೆ ಬರುತ್ತದೆಯೋ, ಯಶವಂತಪುರಕ್ಕೋ, ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ಗೋ ಎಂಬುದನ್ನು ಟಿಕೆಟ್ಟಿನಲ್ಲಿ ನೋಡಿಕೊಂಡೇ ಕೊಠಡಿ ಗೊತ್ತುಮಾಡಿ.

24 ಗಂಟೆಯ ಲೆಕ್ಕವೋ, ಮಧ್ಯಾಹ್ನ 12ರ ಲೆಕ್ಕವೋ?

ಹೆಚ್ಚಿನವರು ಏಮಾರುವುದು ಇಲ್ಲಿ. ಮೆಜೆಸ್ಟಿಕ್, ಗಾಂಧಿನಗರ, ಕಾಟನ್‌ಪೇಟೆಯ ಹಳೆಯ ಲಾಡ್ಜುಗಳಲ್ಲಿ ಅನೇಕವು ‘24 ಗಂಟೆ ಚೆಕ್‌ಔಟ್’ ಪದ್ಧತಿಯಲ್ಲಿ ನಡೆಯುತ್ತವೆ, ಅಂದರೆ ಬೆಳಿಗ್ಗೆ ಐದೂವರೆಗೆ ಕೀ ಪಡೆದರೆ ಮರುದಿನ ಐದೂವರೆಯವರೆಗೆ ಒಂದು ದಿನದ ಬಾಡಿಗೆ. ಆ್ಯಪ್‌ಗಳಲ್ಲಿ ಕಾಣುವ ಹೋಟೆಲುಗಳು ಸಾಮಾನ್ಯವಾಗಿ ಮಧ್ಯಾಹ್ನ 12ಕ್ಕೆ ಅಥವಾ ಅದರ ನಂತರ ಕೊಠಡಿ ಕೊಟ್ಟು, ಮರುದಿನ 11ಕ್ಕೋ 12ಕ್ಕೋ ಖಾಲಿ ಮಾಡಿಸುತ್ತವೆ. ನಮ್ಮ ಹುಬ್ಬಳ್ಳಿ ಕಡೆಯ ಸ್ಲೀಪರ್ ಬಸ್ಸುಗಳೆಲ್ಲ ಬೆಂಗಳೂರು ಮುಟ್ಟುವುದೇ ನಸುಕಿನಲ್ಲಿ. ಬೆಳಿಗ್ಗೆ ಬಂದು, ಮುಹೂರ್ತ ಮುಗಿಸಿ, ಅದೇ ರಾತ್ರಿ ಹತ್ತರ ಬಸ್ಸು ಹತ್ತುವವರಿಗೆ ಮೊದಲ ಪದ್ಧತಿಯಲ್ಲಿ ಒಂದೇ ದಿನದ ಬಾಡಿಗೆ ಸಾಕು. ಎರಡನೆಯದರಲ್ಲಿ ಹಿಂದಿನ ರಾತ್ರಿಯ ಬಾಡಿಗೆಯನ್ನೂ ಕೊಡಬೇಕಾಗಿ ಬರಬಹುದು.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಸೋದರಮಾವನ ಮಗಳ ಮದುವೆಗೆ ಹುಬ್ಬಳ್ಳಿಯಿಂದ ನಾವು ಐದು ಜನ ಬಂದಿಳಿದಾಗ ಐದೂಕಾಲು. ಆ್ಯಪ್‌ನಲ್ಲಿ ಮುನ್ನೂರು ರೂಪಾಯಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿದ್ದ ಹೋಟೆಲಿನಲ್ಲಿ ಮೇಜಿನ ಹಿಂದಿನ ಹುಡುಗ ಕಣ್ಣುಜ್ಜಿಕೊಳ್ಳುತ್ತಾ, ‘ಚೆಕ್‌ಇನ್ ಹನ್ನೆರಡಕ್ಕೆ ಸರ್, ಈಗ ಬೇಕಂದ್ರೆ ಅರ್ಧ ದಿನದ್ದು ಕೊಡ್ಬೇಕು’ ಎಂದ. ಏಳೂವರೆಗೆ ಧಾರೆ. ಅತ್ತೆ ರೇಷ್ಮೆ ಸೀರೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸೋಫಾದ ಮೇಲೆ ಕುಳಿತುಬಿಟ್ಟಿದ್ದರು. ಅರ್ಧ ದಿನದ್ದನ್ನು ಕೊಟ್ಟು ಮೇಲೆ ಹೋದರೆ ಬಿಸಿನೀರು ಆರೂವರೆಗೆ ಬರುತ್ತದೆಂದು ತಿಳಿಯಿತು. ಆ ಹುಡುಗನ ತಪ್ಪೇನೂ ಇರಲಿಲ್ಲ, ನಿಯಮ ಆ್ಯಪ್‌ನಲ್ಲಿ ಬರೆದೇ ಇತ್ತು. ನಾನು ದರದ ಅಂಕಿಯಿಂದ ಕೆಳಗೆ ಓದಿರಲಿಲ್ಲ.

ಹಾಗಾಗಿ ಒಂದು ಹಾಳೆಯ ಮೇಲೆ ಬರುವ ಗಂಟೆ, ಹೊರಡುವ ಗಂಟೆ ಬರೆದುಕೊಂಡು, ಪ್ರತಿ ಹೋಟೆಲಿನ ಪದ್ಧತಿಯಲ್ಲಿ ಎಷ್ಟು ದಿನದ ಬಾಡಿಗೆ ಬೀಳುತ್ತದೆ ಎಂದು ಎಣಿಸಿ. ಮಧ್ಯಾಹ್ನದ ರೈಲಿಗೆ ಬಂದು ಮರುದಿನ ತಿಂಡಿ ಮುಗಿಸಿ ಹೊರಡುವವರಿಗೆ ಮಧ್ಯಾಹ್ನ 12ರ ಲೆಕ್ಕದ ಹೋಟೆಲೇ ಸರಿಹೋಗುತ್ತದೆ. ಖಾಲಿ ಮಾಡಿದ ಮೇಲೆ ರಾತ್ರಿಯ ಬಸ್ಸಿನವರೆಗೆ ಸಾಮಾನನ್ನು ರಿಸೆಪ್ಷನ್‌ನಲ್ಲಿ ಇಡಲು ಬಿಡುತ್ತಾರೆಯೇ ಎಂದು ಕೇಳಿಕೊಂಡರೆ ಇನ್ನೊಂದು ದಿನದ ಬಾಡಿಗೆ ಉಳಿಯುತ್ತದೆ.

ಆ್ಯಪ್‌ನಲ್ಲಿ ನೋಡಿ, ಫೋನಿನಲ್ಲಿ ಮಾತನಾಡಿ

ಮೇಕ್‌ಮೈಟ್ರಿಪ್, ಅಗೋಡ, ಬುಕಿಂಗ್ ಡಾಟ್ ಕಾಮ್‌ನಂಥವು ದರವನ್ನು ಹೋಲಿಸಲು, ಫೋಟೊ ಮತ್ತು ಹಿಂದೆ ಉಳಿದವರ ಅನಿಸಿಕೆ ಓದಲು ಬಹಳ ಅನುಕೂಲ. ಅನಿಸಿಕೆಗಳಲ್ಲಿ ನಕ್ಷತ್ರ ಎಣಿಸುವುದಕ್ಕಿಂತ ಕಳೆದ ಎರಡು ಮೂರು ತಿಂಗಳಲ್ಲಿ ಬರೆದದ್ದನ್ನು, ಅದರಲ್ಲೂ ಬಾತ್‌ರೂಮು, ನೀರು, ರಸ್ತೆಯ ಗದ್ದಲದ ಬಗ್ಗೆ ಬರೆದದ್ದನ್ನು ಓದುವುದು ಉಪಯುಕ್ತ. ಪ್ರಯಾಣ ಖಚಿತವಾಗಿದ್ದರೂ ಮೊದಲು ಉಚಿತವಾಗಿ ರದ್ದುಮಾಡಬಹುದಾದ ಕೊಠಡಿಯೊಂದನ್ನು ಹಿಡಿದಿಟ್ಟು, ರದ್ದತಿಯ ಗಡುವಿನೊಳಗೆ ಇನ್ನಷ್ಟು ಹುಡುಕುವುದು ಜಾಣತನ. ಕೊನೆಯ ಗಳಿಗೆಗೆ ದರ ಇಳಿಯುತ್ತದೆಂಬ ನಂಬಿಕೆ ಸಾಧಾರಣ ದಿನಗಳಿಗೆ ಸರಿ, ಏರೋ ಇಂಡಿಯಾದ ವಾರಕ್ಕಲ್ಲ.

ಆಮೇಲೆ ನೇರವಾಗಿ ಹೋಟೆಲಿಗೇ ಫೋನ್ ಮಾಡಿ. ಆ್ಯಪ್‌ಗೆ ಕೊಡಬೇಕಾದ ಕಮಿಷನ್ ಉಳಿಯುವುದರಿಂದ ಮ್ಯಾನೇಜರು ಸ್ವಲ್ಪ ಇಳಿಸುವುದುಂಟು. ಇಳಿಸದಿದ್ದರೂ ಬೇಗ ಕೀ ಕೊಡಲು ಒಪ್ಪುವುದುಂಟು. ‘ಎಷ್ಟು’ ಎಂದಷ್ಟೇ ಕೇಳಬೇಡಿ. ‘ಶುಕ್ರವಾರ ಬೆಳಿಗ್ಗೆ ಐದೂವರೆಗೆ ಬರ್ತೀವಿ, ಡಬಲ್ ರೂಮು, ನಾನ್ ಎಸಿ, ಒಂದು ಎಕ್ಸ್‌ಟ್ರಾ ಬೆಡ್, ಟ್ಯಾಕ್ಸ್ ಎಲ್ಲಾ ಸೇರಿ ಎಷ್ಟಾಗುತ್ತೆ, ಎಷ್ಟು ಹೊತ್ತಿಗೆ ಖಾಲಿ ಮಾಡಬೇಕು?’ ಎಂದು ಒಂದೇ ಉಸಿರಿಗೆ ಕೇಳಿ, ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳುಹಿಸಲು ಹೇಳಿ. ಗುರುತಿಲ್ಲದ ಸಂಖ್ಯೆಗೆ ಪೂರ್ತಿ ಬಾಡಿಗೆಯನ್ನು ಮುಂಗಡವಾಗಿ ಕಳುಹಿಸಬೇಡಿ. ಹೋಟೆಲಿನ ಹೆಸರಿನಲ್ಲಿ ನಕಲಿ ಸಂಖ್ಯೆ ಹಾಕಿ ಹಣ ಹೊಡೆಯುವವರಿದ್ದಾರೆ.

ತೆರಿಗೆಯ ಲೆಕ್ಕ ಈಗ ಸುಲಭ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗೆ ಜಿಎಸ್‌ಟಿ ಶೇ 5. ಅದಕ್ಕೆ ಮೊದಲು ಶೇ 12 ಇತ್ತು. 1,400 ರೂಪಾಯಿಯ ಕೊಠಡಿಗೆ 1,470 ಆಗಬೇಕು. 1,568 ಎಂದು ಬರೆದಿದ್ದರೆ ಹಳೆಯ ದರ ಹಾಕಿದ್ದಾರೆಂದು ಅರ್ಥ.

ಹೋಟೆಲೇ ಆಗಬೇಕೆಂದಿಲ್ಲ

ರೈಲಿನ ಖಚಿತ ಟಿಕೆಟ್ ಇರುವವರು ಐಆರ್‌ಸಿಟಿಸಿ ಮೂಲಕ ನಿಲ್ದಾಣದ ರಿಟೈರಿಂಗ್ ರೂಮನ್ನು ಪಿಎನ್‌ಆರ್ ಸಂಖ್ಯೆ ಹಾಕಿ ಕಾಯ್ದಿರಿಸಬಹುದು. ಬರೀ 12 ತಾಸಿನ ಅವಧಿಗೂ ಸಿಗುವುದರಿಂದ ಒಂದು ಹಗಲಿಗೆ ಅದು ಸಾಕು, ಆದರೆ ಸೀಸನ್ನಿನಲ್ಲಿ ಬೇಗನೆ ಮುಗಿಯುತ್ತದೆ. ನಗರ ರೈಲು ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರು ನೂರು ವರ್ಷಕ್ಕೂ ಹಿಂದೆ ಪ್ರಯಾಣಿಕರಿಗಾಗಿ ಛತ್ರ ಕಟ್ಟಿಸಿದ ಊರಿದು; ಮಠಗಳ, ಸಮುದಾಯ ಸಂಘಗಳ ವಸತಿಗೃಹಗಳು ಇಂದಿಗೂ ಹಲವಿವೆ. ಅಲ್ಲಿಗೆ ಊರಿನ ಶಾಖೆಯಿಂದ ಒಂದು ಪತ್ರವಿದ್ದರೆ ಕೆಲಸ ಸಲೀಸು. ನಿಮ್ಹಾನ್ಸ್, ಕಿದ್ವಾಯಿಗೆ ರೋಗಿಯನ್ನು ಕರೆತರುವವರು ಲಾಡ್ಜ್ ಹುಡುಕುವ ಮೊದಲು ಆಸ್ಪತ್ರೆಯಲ್ಲೇ ಧರ್ಮಶಾಲೆಯ ಬಗ್ಗೆ ವಿಚಾರಿಸಬೇಕು.

ಬಂದಿಳಿದ ಮೇಲೆ

ಕೊಠಡಿಗೆ ಹೋಗುವ ಎಲ್ಲ ವಯಸ್ಕರ ಗುರುತಿನ ಚೀಟಿ ಬೇಕು, ಒಬ್ಬರದು ಸಾಲದು. ಕೊನೆಯ 4 ಅಂಕಿಗಳಷ್ಟೇ ಕಾಣುವ ಆಧಾರ್ ಪ್ರತಿಯನ್ನು ಯುಐಡಿಎಐ ಜಾಲತಾಣದಿಂದ ಇಳಿಸಿಕೊಂಡು ಕೊಟ್ಟರೆ ಒಳ್ಳೆಯದು. ಆಧಾರ್‌ನಲ್ಲಿ ಬೆಂಗಳೂರಿನದೇ ವಿಳಾಸವಿದ್ದರೆ ‘ಲೋಕಲ್ ಐಡಿ’ ಎಂದು ಕೊಠಡಿ ನಿರಾಕರಿಸುವ ಲಾಡ್ಜುಗಳಿವೆ. ಊರಿಗೆ ವಾಪಸು ಹೋಗಿ ನೆಲೆಸಿದರೂ ವಿಳಾಸ ಬದಲಿಸದವರು ಇದನ್ನು ಫೋನಿನಲ್ಲೇ ಕೇಳಿಕೊಳ್ಳಬೇಕು.

ಮೆಜೆಸ್ಟಿಕ್‌ನಲ್ಲಿ ಇಳಿದೊಡನೆ ‘ರೂಂ ಬೇಕಾ ಸಾರ್’ ಎಂದು ಬೆನ್ನುಹತ್ತುವವರ ಜೊತೆ ಹೋದರೆ ಅವರ ಕಮಿಷನ್ನು ನಿಮ್ಮ ಬಾಡಿಗೆಯಲ್ಲೇ ಸೇರುತ್ತದೆ. ಮೊದಲೇ ಗೊತ್ತುಮಾಡಿರದಿದ್ದರೆ ಜೊತೆಯವರನ್ನು ಸಾಮಾನಿನೊಡನೆ ನಿಲ್ದಾಣದಲ್ಲೇ ಕೂರಿಸಿ, ಒಬ್ಬರೇ ಹೋಗಿ ಎರಡು ಮೂರು ಕಡೆ ವಿಚಾರಿಸಿ ಬನ್ನಿ. ಚೀಲ ಹೊತ್ತ ಕುಟುಂಬವನ್ನು ಕಂಡರೆ ದರ ಇಳಿಯುವುದಿಲ್ಲ. ದುಡ್ಡು ಕೊಡುವ ಮೊದಲು ಕೊಠಡಿ ತೋರಿಸಲು ಹೇಳಿ. ನಲ್ಲಿ ತಿರುಗಿಸಿ, ಒಳಗಿನ ಚಿಲಕ ಹಾಕಿ ನೋಡಿ, ಬಿಸಿನೀರಿನ ಹೊತ್ತು ಕೇಳಿ. ರಿಜಿಸ್ಟರಿನಲ್ಲಿ ಸಹಿ ಮಾಡುವಾಗ ನೀವು ಬಂದ ಗಂಟೆ ಸರಿಯಾಗಿ ಬರೆದಿದೆಯೇ ಎಂದೂ ನೋಡಿ, 24 ಗಂಟೆಯ ಲೆಕ್ಕ ಅಲ್ಲಿಂದಲೇ ಶುರು.

ಹೊರಡುವಾಗ ಬಿಲ್ ಕೇಳಿ ಪಡೆಯಿರಿ. ಊಟದ ಬಿಲ್ಲಿನಲ್ಲಿ ಕೇಳದೆಯೇ ಸೇರಿಸಿದ ಸೇವಾ ಶುಲ್ಕವನ್ನು ತೆಗೆಯಿರಿ ಎನ್ನುವ ಹಕ್ಕು ನಿಮಗಿದೆ. ತಕರಾರಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕೊಠಡಿ ಚೆನ್ನಾಗಿದ್ದರೆ ಮ್ಯಾನೇಜರ ನಂಬರನ್ನೂ ಬರೆದುಕೊಳ್ಳಿ. ಆ ಮದುವೆಯ ನಂತರ ನನ್ನ ಫೋನಿನಲ್ಲಿ ‘ಮೆಜೆಸ್ಟಿಕ್ ರೂಂ’ ಎಂಬ ಹೆಸರಿನಲ್ಲಿ ಎರಡು ನಂಬರುಗಳಿವೆ, ನವೆಂಬರ್ ಬಂತೆಂದರೆ ಅವನ್ನು ಕೇಳಿಕೊಂಡು ಬಂಧುಗಳ ಕರೆ ಶುರುವಾಗುತ್ತದೆ.