ಚೌಳು ಮಣ್ಣು ತೋರಿಸಲು ಎರಡು ಗಾಜಿನ ಲೋಟ ಸಾಕು

ಮಂಡ್ಯದ ವಿಶ್ವೇಶ್ವರಯ್ಯ ನಾಲೆ ಬಯಲಿನಲ್ಲಿ ತಗ್ಗಿನ ಗದ್ದೆಗಳು ಉಪ್ಪು, ಸೋಡಿಯಂ ಸೇರಿ ಚೌಳಾಗುತ್ತಿರುವುದು ನಿಮಗೆಲ್ಲ ಗೊತ್ತು. ಪಕ್ಕದ ಜಮೀನಿನವರಿಗೆ 'ಮಣ್ಣು ಸರಿಮಾಡೋಣ' ಅಂದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ, ಅಲ್ವಾ? ಕಣ್ಣಿಗೆ ತೋರಿಸಿ.

ಎರಡು ಗಾಜಿನ ಲೋಟದಲ್ಲಿ ಮಳೆನೀರು ತೆಗೆದುಕೊಳ್ಳಿ. ಬೋರ್‌ವೆಲ್ ನೀರು ಬೇಡ, ಅದರ ಉಪ್ಪು ಮೋಸ ಮಾಡುತ್ತದೆ. ಒಂದಕ್ಕೆ ಅವರ ಗದ್ದೆಯ ಒಣ ಹೆಂಟೆ, ಕಡಲೆಕಾಳಿನಷ್ಟು ಸಾಕು. ಇನ್ನೊಂದಕ್ಕೆ ಬದುವಿನ ಹೊಂಗೆ ಮರದ ಬುಡದ ಹೆಂಟೆ. ಮೆಲ್ಲಗೆ ಬಿಡಿ, ಅಲುಗಾಡಿಸಬೇಡಿ. ಎರಡು ಗಂಟೆ ಬಿಟ್ಟು ನೋಡಿ. ಮರದ ಬುಡದ ಹೆಂಟೆ ಹಾಕಿದ ಲೋಟದ ನೀರು ಸಾಮಾನ್ಯವಾಗಿ ತಿಳಿಯಾಗಿರುತ್ತದೆ. ಸೋಡಿಯಂ ಜಾಸ್ತಿ ಇರುವ ಹೆಂಟೆಯ ಸುತ್ತ ನೀರು ಹಾಲಿನ ಹಾಗೆ ಕದಡುತ್ತದೆ. ಇಂಥ ಮಣ್ಣು ನೀರು ಇಂಗಲು ಬಿಡುವುದಿಲ್ಲ, ಒಣಗಿದರೆ ಕಲ್ಲಾಗುತ್ತದೆ. ಇದನ್ನು ನೋಡಿದವರು ತಾವೇ 'ಏನು ಮಾಡೋದು' ಅಂತ ಕೇಳುತ್ತಾರೆ.

ಆಗ ಮಣ್ಣು ಪರೀಕ್ಷೆ ಮಾಡಿಸಿ. ಮಂಡ್ಯದ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ರಸಸಾರ (pH) 8.5 ದಾಟಿ ಸೋಡಿಯಂ ಜಾಸ್ತಿ ಇದ್ದರೆ, ಸೋಡಿಯಂ ಬಿಡಿಸುವ ಜಿಪ್ಸಂ ಪುಡಿ ಹಾಕಬೇಕು, ಎಷ್ಟು ಅನ್ನುವುದು ವರದಿ ನೋಡಿಯೇ. ಬರೀ ಉಪ್ಪಿನ ತೊಂದರೆ ಆದರೆ ಜಿಪ್ಸಂ ಸುಮ್ನೆ ದಂಡ, ಒಳ್ಳೆಯ ನೀರು ಕಟ್ಟಿ ಉಪ್ಪು ತೊಳೆಯಬೇಕು. ಯಾವುದೇ ಆಗಲಿ, ಬಸಿಗಾಲುವೆ ಮೊದಲು. ಕೆಟ್ಟ ನೀರು ಹೊರಗೆ ಹೋಗದಿದ್ದರೆ ಹಾಕಿದ ದುಡ್ಡೆಲ್ಲ ಹೋಯಿತು. ಆಮೇಲೆ ಹಸಿರೆಲೆ ಗೊಬ್ಬರದ ಬೆಳೆ ಡಯಾಂಚ ಬಿತ್ತಿ, 45ರಿಂದ 50 ದಿನಕ್ಕೆ ಹೂವಿಗೆ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿ ಉತ್ತುಬಿಡಿ.

ಪೂರ್ತಿ ಜಮೀನಿಗೆ ಒಟ್ಟಿಗೆ ಕೈ ಹಾಕಬೇಡಿ. ರಸ್ತೆ ಬದಿಯ ಐದು ಗುಂಟೆಯಲ್ಲಿ ಮಾಡಿ, ಓಡಾಡುವವರೆಲ್ಲ ನೋಡಲಿ.